ಮೆಂತ್ಯ ಪಲ್ಲೆಯ ಮೊದಲ ತುತ್ತು

ಬನಹಟ್ಟಿ

ಸೋಮಲಿಂಗಣ್ಣನಿಗೆ ತಂಗಿಯ ನಮಸ್ಕಾರ.

ಔಷಧಿ ಹೊಡೆದ ಹಸಿ ಬದನೆಕಾಯಿ ತಿಂದು ಅಪ್ಪ ತೀರಿಕೊಂಡ ಮೇಲೆ ನಾನು ಕಾಯಿಪಲ್ಲೆ ಮುಟ್ಟಿಲ್ಲ, ನಿನಗೆ ಗೊತ್ತೇ ಇದೆ. ಈಗ ಬಸುರಿ. ರಕ್ತ ಕಡಿಮೆಯಿದೆ, ಸೊಪ್ಪು ತಿನ್ನಲೇಬೇಕು ಎಂದರು ಡಾಕ್ಟರು.

ನಿನ್ನೆ ಅತ್ತೆ ಮೆಂತ್ಯವನ್ನು ಉಪ್ಪುನೀರಿನಲ್ಲಿ ತೊಳೆದು ಪಲ್ಲೆ ಮಾಡಿದರು. ನಾನು ತಟ್ಟೆ ದೂರ ಸರಿಸಿದೆ. "ಅಂಜಬ್ಯಾಡವಾ, ಮೊದ್ಲ ನಾ ತಿಂತೇನಿ, ನೋಡು" ಎಂದು ತಾವೇ ತಿಂದರು. ಅವರ ಮುಖವನ್ನೇ ನೋಡುತ್ತ ಬಹಳ ಹೊತ್ತು ಕುಳಿತೆ. ಆಮೇಲೆ ರೊಟ್ಟಿಯಲ್ಲಿ ಸುತ್ತಿ ನುಂಗಿದೆ. ಇವತ್ತೂ ತಿಂದೆ. ಹೆದರಿಕೆ ಹೋಗಿಲ್ಲ. ಹೊಟ್ಟೆ ಸ್ವಲ್ಪ ಕಿವುಚಿದರೂ ಜೀವ ಬಾಯಿಗೆ ಬರುತ್ತದೆ.

ಸಾವಳಗಿಯಿಂದ ಬರುವಾಗ ಔಷಧಿ ಹೊಡೆಯದ ಮೆಂತ್ಯ ಒಂದಿಷ್ಟು ತಾ. ಮತ್ತೆ, ನೀನು ಹೊಲಕ್ಕೆ ಔಷಧಿ ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ. ಕೈ ತೊಳೆಯದೆ ರೊಟ್ಟಿ ಮುಟ್ಟಬೇಡ, ಅಣ್ಣಾ.

ನಿನ್ನ ದಾರಿ ಕಾಯುವ,
ಮಧುಮತಿ