ಮೂರನೆಯ ಗುಡಾಣದ ಬಿರುಕು

ನಾಶಿಕ
12 ಫೆಬ್ರುವರಿ 2009

ಗೋವಿಂದ ಅವರಿಗೆ,

ಹೌದು, ಗಂಡನ ಹೆಸರು ಹಿಡಿದೇ ಬರೆದಿದ್ದೇನೆ. ಅಷ್ಟು ಸಿಟ್ಟು ಬಂದಿದೆ. ಫೋನಿನಲ್ಲಾದರೆ ಆಯ್ತು ಬಿಡು ಎಂದು ನಕ್ಕು ಮಾತು ತೇಲಿಸಿಬಿಡುತ್ತೀರಿ. ಈ ಕಾಗದವನ್ನಾದರೂ ಕೊನೆತನಕ ಓದಿರಿ.

ಮೊನ್ನೆ ಕುಂಬಾರ ಓಣಿಯ ಕಮಲಾಬಾಯಿಯವರ ಭಟ್ಟಿಯಲ್ಲಿ ನನ್ನ ಮೂರನೆಯ ಗುಡಾಣ ಸುಡುವಾಗಲೇ ಒಡೆಯಿತು. ಸೊಂಟದೆತ್ತರದ್ದು. ಮಣ್ಣಿನ ಸುರುಳಿಯ ಮೇಲೆ ಸುರುಳಿ ಕೂರಿಸಿ ವಾರಗಟ್ಟಲೆ ಕೈಯಲ್ಲೇ ಎಬ್ಬಿಸಿದ್ದೆ. ಒಡೆದದ್ದಕ್ಕೆ ನನಗೆ ಅಳು ಬರಲಿಲ್ಲ. ಮೊದಲನೆಯದು ತಳ ಬಿಟ್ಟಾಗ, ಕೆಳಗೆ ಬೂದಿ ಹರವದೆ ನೆಲಕ್ಕೇ ಕೂರಿಸಿದ್ದು ತಪ್ಪೆಂದು ತಿಳಿಯಿತು. ಎರಡನೆಯದರ ಬಾಯಿ ಸೀಳಿದಾಗ ಒದ್ದೆ ಬಟ್ಟೆ ಹೊದಿಸುವುದನ್ನು ಕಲಿತೆ. ಮೂರನೆಯದೂ ಏನಾದರೂ ಕಲಿಸುತ್ತಿತ್ತು, ನೀವು ಬಿಡಲಿಲ್ಲ.

ಭಟ್ಟಿಗೆ ಇಡುವ ಮೊದಲು ಕಮಲಾಬಾಯಿ ಎಲ್ಲೂ ಬಿರುಕಿಲ್ಲವಲ್ಲ ಎಂದು ಕೇಳಿದ್ದರು. ಗೋದಾವರಿಯ ಆಣೆ ಮಾಡಿ ಇಲ್ಲ ಎಂದೆ. ಆ ಮಾತು ನಂಬಿ, ಬೇಸಿಗೆಗೆಂದು ಮಾಡಿದ ತಮ್ಮ ಕೊಡಗಳನ್ನೆಲ್ಲ ಅದರ ಮೇಲೆ ಹೇರಿದರು. ಗುಡಾಣ ಸೀಳಿ ಕುಸಿದಾಗ ಅವೂ ಪುಡಿಯಾದವು. ಬೂದಿ ಕೆದಕುತ್ತ, ಬೆಂಕಿ ಸರಿಯಾಗಿ ತಾಗದ, ಗುಡಾಣದ ಹೆಗಲಿನ ಒಂದು ಚೂರನ್ನು ಅವರೇ ನನ್ನ ಕೈಗಿಟ್ಟರು. ಬಿರುಕಿನೊಳಗೆ ಕರಕಾದ ಮುದ್ದೆ, ಸೋರುವ ಪೈಪಿಗೆ ನೀವು ಮೆತ್ತುತ್ತೀರಲ್ಲ, ಅದೇ ಅಂಟು. ಅದರ ಮೇಲೆ ಸವರಿದ ಕೆಮ್ಮಣ್ಣಿನಲ್ಲಿ ನಿಮ್ಮ ಹೆಬ್ಬೆರಳ ಗುರುತು, ಓಝರ್‌ನ ಕಾರ್ಖಾನೆಯಲ್ಲಿದ್ದಾಗ ಲೇತ್ ಯಂತ್ರಕ್ಕೆ ಸಿಕ್ಕಿ ಆದ ಗಾಯದ ಗೆರೆ ಸಮೇತ.

ಬಿರುಕು ಬಚ್ಚಿಟ್ಟು ಸುಳ್ಳು ಆಣೆ ಮಾಡಿದಳು ಎಂದು ಅವರು ಓಣಿಯವರೆಲ್ಲರ ಎದುರು ಅಂದರು. ಇನ್ನು ಭಟ್ಟಿಯ ಹತ್ತಿರ ಬರಬೇಡ ಅಂದರು. ಚೂರು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ಫೋನಿನಲ್ಲಿ ಕೇಳಿದರೆ, ರಜೆಗೆ ಬಂದಾಗ ಬಿರುಕು ಕಂಡಿತು, ನೀನು ನೊಂದುಕೊಳ್ಳುತ್ತೀ ಎಂದು ಮುಚ್ಚಿದೆ ಅಂದಿರಿ. ಯಾರು ಕೇಳಿದ್ದರು ಈ ದಯೆಯನ್ನು? ಓಝರ್ ಬಿಟ್ಟು ಅಷ್ಟು ದೂರದ ವಾಳೂಜ್‌ನಲ್ಲಿ ಕೆಲಸ ಹಿಡಿದದ್ದನ್ನೂ ನೀವು ಹೇಳಿದ್ದು ಪೆಟ್ಟಿಗೆ ಕಟ್ಟುವ ದಿನವೇ. ಆಗಲೂ ಇದೇ ಮಾತು. ನಾನು ನೋಯುವುದನ್ನು ನೋಡುವ ಧೈರ್ಯ ನಿಮಗೇ ಇಲ್ಲ. ಅದಕ್ಕೆ ನನ್ನ ಹೆಸರು ಯಾಕೆ ಹೇಳುತ್ತೀರಿ?

ಈ ಶನಿವಾರ ಬಸ್ಸಿಳಿದು ನೆಟ್ಟಗೆ ಕಮಲಾಬಾಯಿಯವರ ಅಂಗಳಕ್ಕೆ ಹೋಗಿರಿ. ಮೆತ್ತಿದ್ದು ನಾನು, ಅವಳಿಗೆ ಗೊತ್ತಿರಲಿಲ್ಲ ಎಂದು ಅದೇ ಓಣಿಯವರ ಎದುರು, ನಿಮ್ಮ ಹರಕು ಮರಾಠಿಯಲ್ಲೇ ಹೇಳಿರಿ. ಬೈದರೆ ಬೈಸಿಕೊಳ್ಳಿರಿ. ಆಮೇಲೆ ಮನೆಗೆ ಬನ್ನಿರಿ, ರೊಟ್ಟಿ ಬಡಿದಿಟ್ಟಿರುತ್ತೇನೆ. ಹೇಳದೆ ಬಂದರೆ ಬಾಗಿಲು ತೆಗೆಯುವುದಿಲ್ಲ.

ಇವತ್ತಿಗೂ ನಿಮ್ಮ ಹೆಂಡತಿ,
ಮೃದುಲಾ

ತಾ.ಕ.: ಮೂರನೆಯದು ಒಣಗುತ್ತಿದ್ದಾಗಲೇ ಶುರುಮಾಡಿದ ನಾಲ್ಕನೆಯ ಗುಡಾಣ ಮನೆಯಲ್ಲಿದೆ. ಇವತ್ತು ಬೆಳಿಗ್ಗೆ ಅದರ ಹೆಗಲಿನಲ್ಲೂ ಅದೇ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಕಿಟಕಿಯ ಗಾಳಿಗೆ ಒಂದೇ ಮಗ್ಗುಲು ಬೇಗ ಒಣಗುತ್ತಿದೆ, ಅಷ್ಟೇ. ನೀವು ಮೆತ್ತದಿದ್ದರೆ ಹೋದ ಸಲವೇ ತಿಳಿಯುತ್ತಿತ್ತು. ಇದನ್ನು ಸುಡುವುದಿಲ್ಲ, ಒಡೆದು ನೆನೆಹಾಕಿ ಮತ್ತೆ ಮಾಡುತ್ತೇನೆ. ಆದರೆ ನೀವು ಬರುವತನಕ ಬಿರುಕನ್ನು ಹಾಗೇ ಬಿಟ್ಟಿರುತ್ತೇನೆ. ನನ್ನ ಪಕ್ಕದಲ್ಲಿ ಕೂತು ನೋಡಿರಿ, ಕೈ ಹಚ್ಚಬೇಡಿರಿ.