ತಳಕ್ಕೆ ಕಿತ್ತಳೆ ಬಣ್ಣ

ಪುಟ್ಟಿಗೆ ಅಜ್ಜಿಯ ಆಶೀರ್ವಾದ.

ನಿನ್ನ ರೇಸ್ ಬೋಟಿನ ಫೋಟೋ ತಲುಪಿತು. ಮೇಲೆ ಹಳದಿ, ಪಕ್ಕಕ್ಕೆ ಕೆಂಪು ಪಟ್ಟೆ, ತಳಕ್ಕೆ ನೀಲಿ. ತಾತನ ಬೋಟಿನ ಬಣ್ಣಗಳನ್ನೇ ಬಳಿಸಿದ್ದೀಯ. ಅಜ್ಜಿ ಹಿಗ್ಗಲಿ ಎಂದು ಕಳಿಸಿದ್ದೀಯ, ನಾನು ಫೋಟೋ ಬೋರಲು ಹಾಕಿ ಈ ಕಾಗದ ಬರೆಯಲು ಕೂತೆ.

ಅಷ್ಟೊಂದು ಬೋಟುಗಳ ನಡುವೆ ನಾನು ದಡದಿಂದ ತಾತನನ್ನು ಆ ಹಳದಿಯಿಂದಲೇ ಗುರುತಿಸುತ್ತಿದ್ದೆ. ತಳಕ್ಕೂ ಅದನ್ನೇ ಬಳಿಯಿರಿ ಎಂದರೆ, "ತಳ ನೋಡೋದು ಮೀನುಗಳು ಮಾತ್ರ ಕಣೇ" ಎಂದು ನಕ್ಕು, ಮಿಕ್ಕಿದ್ದ ನೀಲಿ ಬಳಿದರು.

ಅವರ ಕೊನೆಯ ರೇಸಿನ ತಿರುವಿನಲ್ಲಿ ಬೋಟು ಮಗುಚಿತು. ಹಳದಿ ನೀರಿನೊಳಗೆ ಹೋಯಿತು, ನೀಲಿ ಮೇಲೆ ಬಂತು. ಹುಡುಕಲು ಹೋದವರು ಎರಡು ಸಲ ಪಕ್ಕದಲ್ಲೇ ಹಾದುಹೋದರು. ನೀರು ಯಾವುದು, ಬೋಟು ಯಾವುದು ಅವರಿಗೆ ತಿಳಿಯಲಿಲ್ಲ. ದಡದಲ್ಲಿ ನಿಂತ ನನಗೂ ತಿಳಿಯಲಿಲ್ಲ. ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ.

ರೇಸು ಬಿಡು ಎಂದರೆ ನೀನು ಬಿಡುವವಳಲ್ಲ. ಮೊಂಡುತನ ತಾತ ಬಿಟ್ಟುಹೋದ ಆಸ್ತಿ. ಭಾನುವಾರದ ರೇಸಿಗೆ ಮುಂಚೆ ತಳಕ್ಕೆ ಕಿತ್ತಳೆ ಬಣ್ಣ ಬಳಿಸು. ಪೇಂಟರ್ ನಕ್ಕರೆ ನಗಲಿ, ಹಲ್ಲು ಅವನದು.

ನಾನೂ ಬರುತ್ತೇನೆ. ಕಣ್ಣು ಮಂಜಾಗಿದೆ, ದಡದಿಂದ ನನಗೂ ಕಾಣುವಷ್ಟು ಢಾಳಾಗಿ ಬಳಿಸು. ಆಮೇಲೆ ಆ ಕಿತ್ತಳೆಯನ್ನು ಒಂದು ಸಲವೂ ನೋಡದೆ ನಾನು ಮನೆಗೆ ಮರಳುವಂತಾಗಲಿ.

ದಡದಲ್ಲೇ ನಿಂತಿರುವ,
ನಿನ್ನ ಅಜ್ಜಿ