ನಿನ್ನ ಡಬ್ಬಿಯ ಉಪ್ಪು

ಅಪ್ಪಾ,

ಇವತ್ತು ನೀನು ನಿಲ್ಲುತ್ತಿದ್ದ ಒಲೆಯ ಮುಂದೆಯೇ ನನ್ನ ನಾಲಿಗೆ ಕೈಕೊಟ್ಟಿತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇನ್ನೂರು ಜನಕ್ಕೆ ಬೇಳೆ ಬೇಯಿಸಿದ್ದೆ. ನೀನು ಕಲಿಸಿದಂತೆ ಅಂಗೈಗೆ ಹನಿಸಿಕೊಂಡು ನೆಕ್ಕಿದರೆ ಬರೀ ಸಪ್ಪೆ. ಇನ್ನೊಂದು ಹಿಡಿ ಉಪ್ಪು ಸುರಿದೆ. ಪಾತ್ರೆ ತೊಳೆಯುವ ಅಕ್ಕ ಒಂದು ಚಮಚ ಬಾಯಿಗಿಟ್ಟವಳೇ ನಲ್ಲಿಗೆ ಓಡಿದಳು.

"ಬಾಯಿಗೆ ಇಡಕ್ಕಾಗಲ್ಲ ಕಣೇ!"

ಮಧ್ಯಾಹ್ನ ಡಾಕ್ಟರ ಹತ್ತಿರ ಹೋದೆ. ನನ್ನ ಹಳೆಯ ಸಕ್ಕರೆ ಕಾಯಿಲೆಯ ಚೀಟಿ ನೋಡಿ ಮೂತ್ರ ಪರೀಕ್ಷೆಗೆ ಬರೆದುಕೊಟ್ಟರು.

"ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಾಗ ನಾಲಿಗೆಗೆ ಉಪ್ಪು ಸರಿಯಾಗಿ ಗೊತ್ತಾಗದೇ ಇರಬಹುದು. ಸಪ್ಪೆ ಅಂತ ಇನ್ನಷ್ಟು ಹಾಕ್ಕೊಂಡ್ರೆ ಕಿಡ್ನಿ ಇನ್ನಷ್ಟು ಕೆಡುತ್ತೆ. ನಿಮ್ಮನೇಲಿ ಯಾರಿಗಾದ್ರೂ ಹೀಗಾಗಿತ್ತಾ?"



ನೀನು ಒಲೆ ಬಿಟ್ಟ ಮೇಲೆ, ಆಸ್ಪತ್ರೆಗೆ ಸೇರುವ ದಿನದವರೆಗೂ, ನಿನ್ನ ಮನಸ್ಸು ನೋಯಬಾರದೆಂದು ನಿನ್ನ ಊಟದ ಡಬ್ಬಿಗೆ ಮಾತ್ರ ಬೇರೆಯಾಗಿ ಇನ್ನಷ್ಟು ಉಪ್ಪು ಬೆರೆಸಿ ತರುತ್ತಿದ್ದೆನಲ್ಲ. "ಈಗ ಹದವಾಗಿದೆ ಮಗಳೇ" ಎಂದು ನೀನು ಬೆರಳು ಚೀಪುತ್ತಿದ್ದೆ.

ಅಕ್ಕ ಇವತ್ತಿನದನ್ನು ಯಾರಿಗೂ ಹೇಳಲಿಲ್ಲ. ಸದ್ದಿಲ್ಲದೆ ಬಿಸಿನೀರು ಸುರಿದು, ಇನ್ನಷ್ಟು ಬೇಳೆ ಬೇಯಲಿಟ್ಟು, ಸೌಟನ್ನು ನನ್ನ ಕೈಯಲ್ಲೇ ಬಿಟ್ಟಳು.

ನಿನ್ನ ಬೇಳೆ ಹೀಗೇ ಉಪ್ಪುಪ್ಪಾದ ಅವತ್ತು ನಾನು ಊಟದ ಸಾಲಿಗೆಲ್ಲ ಕೇಳುವಂತೆ ಕೂಗಿದ್ದೆ: "ನಿನ್ನ ಕೈ ಕೆಟ್ಟೋಗಿದೆ, ಇನ್ನು ಒಲೆ ಬಿಡು." ನೀನು ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಜೋಪಾನವಾಗಿ ನನ್ನ ಕೈಗಿಟ್ಟೆ.